ದಾನದ ಹಣ, ದುಡಿಮೆಯ ಹಂಚು

ಕರಾವಳಿಯ ಹಳೆಯ ಮನೆಯೊಂದರ ಹಂಚನ್ನು ಮಗುಚಿ ನೋಡಿದರೆ ಬಾಸೆಲ್ ಮಿಷನ್ನಿನ ಅಚ್ಚು ಕಣ್ಣಿಗೆ ಬೀಳುವುದುಂಟು. ಅದು ಬರೀ ಕಾರ್ಖಾನೆಯ ಗುರುತಲ್ಲ. ಭಕ್ತರ ಕಾಣಿಕೆಯನ್ನು ಹೇಗೆ ಬಳಸಬೇಕು ಎಂಬ ಪ್ರಶ್ನೆಗೆ ಒಂದು ಧಾರ್ಮಿಕ ಸಂಸ್ಥೆ ಹುಡುಕಿಕೊಂಡ ಉತ್ತರವೂ ಹೌದು.

1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಹುಟ್ಟಿದ ಈ ಮಿಷನ್ನಿನ ಮೊದಲ ಪಾದ್ರಿಗಳು ಮಂಗಳೂರಿಗೆ ಬಂದದ್ದು 1834ರಲ್ಲಿ. ಹೊಸ ಧರ್ಮ ಸ್ವೀಕರಿಸಿದವರನ್ನು ಜಾತಿ ಹೊರಹಾಕುತ್ತಿತ್ತು. ಮನೆ, ಗೇಣಿಯ ಭೂಮಿ, ಕುಲಕಸುಬು ಎಲ್ಲವೂ ಒಂದೇ ದಿನ ಕೈತಪ್ಪುತ್ತಿದ್ದವು. ಇವರ ಹೊಟ್ಟೆಪಾಡಿನ ಹೊಣೆ ಸಹಜವಾಗಿಯೇ ಸಭೆಯ ಮೇಲೆ ಬಿತ್ತು. ಯುರೋಪಿನ ಸಾಮಾನ್ಯ ಭಕ್ತರು ಕಾಸು ಕಾಸು ಕೂಡಿಸಿ ಕಳುಹಿಸಿದ ಹಣವನ್ನು ಅನ್ನಕ್ಕೆಂದು ಹಂಚುತ್ತಾ ಹೋದರೆ ಅದು ಎಷ್ಟು ದಿನ ಬಂದೀತು? ಬೇಡುವ ಕೈಗೆ ದುಡಿಮೆ ಕಲಿಸುವವರು ಯಾರು?

ಬೇಸಾಯ, ಮರಗೆಲಸ ಹೀಗೆ ಹಲವು ಪ್ರಯತ್ನಗಳು ನಡೆದವು, ಎಲ್ಲವೂ ಫಲಿಸಲಿಲ್ಲ. 1841ರಲ್ಲಿ ಮುದ್ರಣಾಲಯ ಬಂತು. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆಯಾಯಿತು. 1851ರಲ್ಲಿ ಜಾನ್ ಹಾಲರ್ ನೇಯ್ಗೆಯ ಕಾರ್ಖಾನೆಗೆ ಕೈಹಾಕಿದರು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ನೇತ್ರಾವತಿಯ ದಡದ ಜೇಡಿಮಣ್ಣನ್ನು ನೆಚ್ಚಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ಮುಂದೆ ಮಲ್ಪೆ, ಕಲ್ಲಿಕೋಟೆ, ಫರೋಕ್‌ಗಳಲ್ಲೂ ಅದರ ಒಲೆಗಳು ಉರಿದವು.

ಇಲ್ಲಿ ನಾವು ಗಮನಿಸಬೇಕಾದ ಅಂಶವೊಂದಿದೆ. ವ್ಯಾಪಾರದಲ್ಲಿ ನಷ್ಟವಾದರೆ ಕಾಣಿಕೆಯ ಹಣ ಮುಳುಗಬಾರದು. ಲಾಭವಾದರೆ ಪಾದ್ರಿ ವರ್ತಕನಾಗಬಾರದು. ಈ ಎಚ್ಚರದಿಂದಲೇ 1859ರಲ್ಲಿ ಬಾಸೆಲ್‌ನಲ್ಲಿ ಪ್ರತ್ಯೇಕ ವ್ಯಾಪಾರ ಕಂಪೆನಿಯನ್ನು ಷೇರು ಬಂಡವಾಳದಿಂದ ಕಟ್ಟಲಾಯಿತು. ಸಭೆಯ ಲೆಕ್ಕ ಬೇರೆ, ಅಂಗಡಿಯ ಲೆಕ್ಕ ಬೇರೆ. ಷೇರುದಾರರಿಗೆ ಸಿಗುವ ಲಾಭಾಂಶಕ್ಕೆ ಮಿತಿಯಿತ್ತು. ಮಿಕ್ಕಿದ್ದರಲ್ಲಿ ಮಿಷನ್ನಿನ ಕೆಲಸಕ್ಕೂ ಪಾಲಿತ್ತು. ನೇಯ್ಗೆ ಮತ್ತು ಹಂಚಿನ ಕಾರ್ಖಾನೆಗಳೂ ಕ್ರಮೇಣ ಈ ಕಂಪೆನಿಯ ಕೈಗೆ ಬಂದವು.

ಆದರೆ ಈ ವ್ಯವಸ್ಥೆಗೆ ಒಂದು ಕುರುಡು ಮೂಲೆಯಿತ್ತು. ಮಣ್ಣು ಇಲ್ಲಿಯದು, ಬೆವರು ಇಲ್ಲಿಯದು. ಒಡೆತನ ಮತ್ತು ತೀರ್ಮಾನ ಮಾತ್ರ ಬಾಸೆಲ್‌ನವು. ಸಭೆಯ ಸದಸ್ಯ ಅದೇ ಕಾರ್ಖಾನೆಯ ಕೂಲಿಯಾಳೂ ಆಗಿದ್ದಾಗ, ಪಾದ್ರಿಯ ಮುಂದೆ ತಲೆಯೆತ್ತಿ ಲೆಕ್ಕ ಕೇಳುವುದು ಸುಲಭವೇ?

ಉತ್ತರವನ್ನು ಮಹಾಯುದ್ಧ ಕೊಟ್ಟಿತು. 1914ರಲ್ಲಿ ಯುದ್ಧ ಆರಂಭವಾದಾಗ ಜರ್ಮನ್ ಪಾದ್ರಿಗಳು ಬ್ರಿಟಿಷರ ಕಣ್ಣಿಗೆ ಶತ್ರುಗಳಾದರು. ಅವರನ್ನು ಬಂಧನದಲ್ಲಿಡಲಾಯಿತು. ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು. ಯುದ್ಧದ ಬಳಿಕ ಅವು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಪಾಲಾದವು. ಮೂರು ತಲೆಮಾರು ದುಡಿದ ಕುಟುಂಬಗಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಲು ಅವರ ಹೆಸರು ಯಾವ ದಸ್ತಾವೇಜಿನಲ್ಲೂ ಒಡೆಯರಾಗಿ ಇರಲಿಲ್ಲ.

ಮಸೀದಿ, ಮಂದಿರ, ಇಗರ್ಜಿ ಯಾವುದೇ ಇರಲಿ, ದೇವರ ಹೆಸರಿನಲ್ಲಿ ಕೂಡಿದ ಹಣಕ್ಕೆ ಈ ಇತಿಹಾಸದಲ್ಲಿ ಎರಡು ಪಾಠಗಳಿವೆ. ಭಿಕ್ಷೆಗಿಂತ ದುಡಿಮೆ ಕೊಡುವ ದಾನ ದೊಡ್ಡದು ಮತ್ತು ಅದರ ಲೆಕ್ಕ ಶುದ್ಧವಾಗಿರಬೇಕು ಎಂಬುದು ಮೊದಲನೆಯದು. ಇದನ್ನು ಬಾಸೆಲ್‌ನವರು ನಮಗೆ ಮಾಡಿ ತೋರಿಸಿದರು. ಯಾರಿಗಾಗಿ ಆ ಹಣವೋ ಅವರಿಗೆ ಅದರ ಆಡಳಿತದಲ್ಲಿ ಪಾಲಿರಬೇಕು ಎಂಬುದು ಎರಡನೆಯದು. ಇದನ್ನು ಅವರು ಮಾಡದೆ ಉಳಿಸಿದರು. ನಮ್ಮ ನಮ್ಮ ಆಡಳಿತ ಸಮಿತಿಗಳ ಲೆಕ್ಕಪುಸ್ತಕ ತೆರೆಯುವಾಗ ಈ ಎರಡನೆಯ ಪಾಠವನ್ನು ನಾವು ಮೊದಲು ಓದಬೇಕಾಗಿದೆ.