ಸ್ಟ್ಯಾಂಪ್ ಪೇಪರ್ ಇಲ್ಲದಿದ್ದರೆ ಫೋಟೋಗ್ರಾಫರ್ ದುಡ್ಡು ಮುಳುಗಿದ ಹಾಗೆಯೇ?

"ಸ್ಟ್ಯಾಂಪ್ ಪೇಪರ್ ಮೇಲೆ ಸಹಿ ಇಲ್ಲದ ಒಪ್ಪಂದಕ್ಕೆ ಬೆಲೆ ಇಲ್ಲ, ವಾಟ್ಸಾಪ್ ಮಾತು ಕೋರ್ಟಲ್ಲಿ ನಡೆಯಲ್ಲ." ಫೋಟೋಗ್ರಾಫರ್‌ಗಳ ನಡುವೆ ಈ ಮಾತು ಆಗಾಗ ಓಡಾಡುತ್ತದೆ. ಇದನ್ನು ನಂಬಿ ಬಾಕಿ ಹಣ ಕೇಳುವುದನ್ನೇ ಬಿಡುವವರಿದ್ದಾರೆ. ನಿಜ ಏನೆಂದು ನೋಡೋಣ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಭದ್ರಾವತಿಯ ಓಲ್ಡ್ ಟೌನ್‌ನಲ್ಲಿ ಮದುವೆ. ಆರ್ಡರ್ ಹಿಡಿದದ್ದು ಶಿವಮೊಗ್ಗದ ಸ್ಟುಡಿಯೋ. ಕ್ಯಾಂಡಿಡ್ ತೆಗೆಯಲು ನಿಮ್ಮನ್ನು ಫೋನಿನಲ್ಲಿ ಕರೆದರು. ಕೆಲಸ ಮುಗಿದು ಎರಡು ತಿಂಗಳಾದರೂ "ಪಾರ್ಟಿ ಇನ್ನೂ ಕೊಟ್ಟಿಲ್ಲ" ಎನ್ನುತ್ತಿದ್ದಾರೆ.

ಮಾತಿನ ಒಪ್ಪಂದಕ್ಕೆ ಬೆಲೆ ಇದೆಯೇ?

ಇದೆ. 1872ರ ಒಪ್ಪಂದ ಕಾಯ್ದೆಯ ಪ್ರಕಾರ ಇಂಥ ಕೆಲಸಕ್ಕೆ ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ವಾಟ್ಸಾಪ್ ಅಥವಾ ಇಮೇಲ್‌ನಲ್ಲಿ ಆಯಿತು ಎಂಬ ಒಂದೇ ಕಾರಣಕ್ಕೆ ಅದನ್ನು ತಳ್ಳಿಹಾಕುವಂತಿಲ್ಲ ಎಂದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಹೇಳುತ್ತದೆ.

ಸ್ಟ್ಯಾಂಪ್ ವಿಷಯದಲ್ಲಿ ಅರ್ಧ ಸತ್ಯವಿದೆ. ಸ್ಟ್ಯಾಂಪ್ ಶುಲ್ಕ ಕಟ್ಟದ ಪತ್ರವನ್ನು ಕೋರ್ಟ್ ಹಾಗೆಯೇ ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಶುಲ್ಕ, ದಂಡ ಕಟ್ಟಿ ಅದನ್ನು ಸರಿಪಡಿಸಬಹುದು. ಇಂಥ ಪತ್ರ ಅಸಿಂಧು ಅಲ್ಲ, ಇದು ಸರಿಪಡಿಸಬಹುದಾದ ಲೋಪ ಎಂದು ಸುಪ್ರೀಂ ಕೋರ್ಟ್‌ನ 7 ನ್ಯಾಯಮೂರ್ತಿಗಳ ಪೀಠ 2023ರ ಡಿಸೆಂಬರ್‌ನಲ್ಲಿ ಹೇಳಿದೆ. ದೊಡ್ಡ ಆರ್ಡರ್‌ಗೆ ಇ-ಸ್ಟ್ಯಾಂಪ್ ಮೇಲೆ ಬರೆಸುವುದೇ ಒಳ್ಳೆಯದು.

ಹಾಗಾದರೆ ತೊಂದರೆ ಎಲ್ಲಿ?

ಸಾಬೀತು ಮಾಡುವುದರಲ್ಲಿ. ಎಷ್ಟು ಹಣ, ಯಾವಾಗ, ಯಾರು ಕೊಡಬೇಕು ಎಂಬುದಕ್ಕೆ ಬರಹ ಇಲ್ಲದಿದ್ದರೆ ನಿಮ್ಮ ಮಾತು ಒಂದು, ಅವರ ಮಾತು ಒಂದು. ಆದ್ದರಿಂದ ಫೋನಿನಲ್ಲಿ ಮಾತಾದ ತಕ್ಷಣ ಹೀಗೊಂದು ಮೆಸೇಜ್ ಹಾಕಿ:

"ಅಣ್ಣ, ಮಾತಾಡಿದ ಹಾಗೆ 14ನೇ ತಾರೀಖು ಓಲ್ಡ್ ಟೌನ್ ಮದುವೆ, ಬೆಳಿಗ್ಗೆ 6ರಿಂದ ಮಧ್ಯಾಹ್ನ 3. ಒಟ್ಟು 8,000 ರೂ. ಅಡ್ವಾನ್ಸ್ 3,000 ಬಂದಿದೆ. ಬಾಕಿ 5,000 ಫೈಲ್ ಕೊಟ್ಟ 7 ದಿನದೊಳಗೆ ನೀವು ಕೊಡೋದು. ರಿಸೆಪ್ಷನ್‌ಗೂ ಉಳಿದರೆ 3,000 ಬೇರೆ. ಸರಿ ಇದ್ದರೆ ರಿಪ್ಲೈ ಹಾಕಿ."

ಆ ಕಡೆಯಿಂದ ಬರುವ "ಸರಿ" ಎಂಬ ಒಂದು ಪದವೇ ನಿಮ್ಮ ಆಧಾರ. ಸ್ಕ್ರೀನ್‌ಶಾಟ್ ಇದೆಯೆಂದು ಚಾಟ್ ಅಳಿಸಬೇಡಿ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಇಂಥ ದಾಖಲೆಯ ಜೊತೆ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಆಗ ಮೂಲ ಚಾಟ್, ಫೋನ್ ಎರಡೂ ಇದ್ದರೆ ಅನುಕೂಲ. ಅಡ್ವಾನ್ಸನ್ನು ಯುಪಿಐ ಮೂಲಕ ಪಡೆದರೆ ಅದೂ ದಾಖಲೆಯಾಗುತ್ತದೆ.

"ಪಾರ್ಟಿ ಕೊಟ್ಟಿಲ್ಲ" ಎಂದರೆ?

ನಿಮ್ಮನ್ನು ಕರೆದದ್ದು ಸ್ಟುಡಿಯೋ, ಹಣ ಕೊಡಬೇಕಾದದ್ದೂ ಸ್ಟುಡಿಯೋ. ಮದುವೆ ಮನೆಯವರು ಕೊಟ್ಟ ಮೇಲೆಯೇ ಕೊಡುವುದು ಎಂದು ಮೊದಲೇ ನೀವು ಒಪ್ಪಿದ್ದರೆ ಮಾತು ಬೇರೆ.

ಕೆಲಸಕ್ಕೆ ಮೊದಲೇ ಉದ್ಯಮ್ ನೋಂದಣಿ ಮಾಡಿಸಿದ್ದರೆ ಇನ್ನಷ್ಟು ಬಲ. ಇದಕ್ಕೆ ಶುಲ್ಕವಿಲ್ಲ. 2006ರ ಎಂಎಸ್‌ಎಂಇ ಕಾಯ್ದೆಯಂತೆ ಸಣ್ಣ ಉದ್ದಿಮೆಗೆ ಒಪ್ಪಿದ ದಿನದೊಳಗೆ, ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ಬಡ್ಡಿಯೂ ಸೇರುತ್ತದೆ.

ಫೋಟೋ ಯಾರದ್ದು?

"ಕ್ಲಿಕ್ ಮಾಡಿದವನದ್ದೇ ಫೋಟೋ" ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಂ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಕೃತಿಸ್ವಾಮ್ಯ ತೆಗೆಸಿದವರದ್ದು, ಬೇರೆ ಒಪ್ಪಂದ ಇಲ್ಲದಿದ್ದರೆ. ಆ ಫೋಟೋಗಳನ್ನು ನಿಮ್ಮ ಇನ್‌ಸ್ಟಾಗ್ರಾಂಗೆ ಹಾಕಬೇಕೆಂದಿದ್ದರೆ ಮೊದಲೇ ಬರೆಸಿಕೊಳ್ಳಿ. ಎಡಿಟ್ ಆಗದ ಮೂಲ ಫೈಲ್ ಕೊಡಬೇಕೇ, ಕಾರ್ಯಕ್ರಮ ರದ್ದಾದರೆ ಅಡ್ವಾನ್ಸ್ ಏನಾಗುತ್ತದೆ ಎಂಬುದನ್ನೂ ಸೇರಿಸಿ.

ಕೊಡದೇ ಇದ್ದರೆ?

ಮೊದಲು ಬಾಕಿ ಮೊತ್ತ, ಕೊನೆಯ ದಿನಾಂಕ ಬರೆದು ಮೆಸೇಜ್ ಹಾಕಿ. ನಂತರ ವಕೀಲರ ಮೂಲಕ ನೋಟಿಸ್. ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷದ ಮಿತಿ ಇದೆ, "ಮುಂದಿನ ಸೀಸನ್‌ಗೆ ಕೊಡ್ತೀನಿ" ಎಂಬ ಮಾತಿಗೆ ಕಾಯುತ್ತಾ ಅದನ್ನು ಕಳೆದುಕೊಳ್ಳಬೇಡಿ. ಕೋರ್ಟ್‌ಗೆ ಮೊದಲು ಲೋಕ ಅದಾಲತ್‌ನಲ್ಲಿ ರಾಜಿಗೂ ದಾರಿಯಿದೆ. ಕಾನೂನು ಸೇವಾ ಸಹಾಯವಾಣಿ 15100.

ನಮ್ಮ ತೀರ್ಮಾನ: ಸ್ಟ್ಯಾಂಪ್ ಪೇಪರ್ ಇಲ್ಲದಿದ್ದರೆ ಒಪ್ಪಂದಕ್ಕೆ ಬೆಲೆಯೇ ಇಲ್ಲ ಎಂಬುದು ತಪ್ಪು. ಬರಹವೇ ಇಲ್ಲದಿದ್ದರೆ ಹಣ ವಸೂಲಿ ಕಷ್ಟ ಎಂಬುದು ನಿಜ. ಫಾರ್ವರ್ಡ್ ಮಾಡುವುದಾದರೆ ಮೇಲಿನ ಮಾದರಿ ಮೆಸೇಜನ್ನು ಮಾಡಿ, ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ.