ಪ್ರಾರ್ಥನೆಯೂ ಪರಸೇವೆಯೂ

ಆರಾಧನೆ ಹಿರಿದೋ ದೀನಸೇವೆ ಹಿರಿದೋ ಎಂಬ ಪ್ರಶ್ನೆ ಧರ್ಮಸಭೆಗೆ ಹೊಸದಲ್ಲ. 1610ರಲ್ಲಿ ಸಂತ ಫ್ರಾನ್ಸಿಸ್ ದ ಸಾಲರು ಅನ್ನೆಸಿಯಲ್ಲಿ ಸ್ಥಾಪಿಸಿದ ವಿಸಿಟೇಷನ್ ಸಭೆಯ ಸೋದರಿಯರು ಪ್ರಾರ್ಥನೆಯೊಡನೆ ರೋಗಿಗಳ ಮನೆಗಳಿಗೂ ಹೋಗುತ್ತಿದ್ದರು. ಆದರೆ ವ್ರತಧಾರಿಣಿಯರು ಮಠದ ಗೋಡೆಯೊಳಗೇ ಇರತಕ್ಕದ್ದೆಂಬುದು ಅಂದಿನ ಕಟ್ಟಳೆ. ಲಿಯೋನಿನ ಮಹಾಧರ್ಮಾಧ್ಯಕ್ಷರ ಒತ್ತಾಯಕ್ಕೆ ಮಣಿದು 1618ರಲ್ಲಿ ಆ ಸಭೆ ಆವೃತ ಮಠವಾಯಿತು. ಮಠಗಳು ಬೆಳೆದವು, ನಿಜ. ಸೋದರಿಯರ ಬೀದಿಯ ಸೇವೆ ಮಾತ್ರ ನಿಂತಿತು.

ಪ್ಯಾರಿಸಿನ ವಿಸಿಟೇಷನ್ ಮಠಗಳ ಮೇಲ್ವಿಚಾರಕರಾಗಿದ್ದ ಸಂತ ವಿನ್ಸೆಂಟ್ ದೆ ಪಾವ್ಲರು ಇದನ್ನು ಚೆನ್ನಾಗಿ ಬಲ್ಲವರು. 1633ರಲ್ಲಿ ಸಂತ ಲೂಯಿಸ್ ದ ಮಾರಿಯಾಕರೊಡನೆ ಪ್ರೇಮಸೇವಾ ಪುತ್ರಿಯರ ಸಂಘವನ್ನು ಕಟ್ಟಿದಾಗ ಅವರನ್ನು ಕನ್ಯಾಸ್ತ್ರೀಯರೆಂದು ಕರೆಯಲೇ ಇಲ್ಲ. ಅವರದು ಒಂದೊಂದೇ ವರ್ಷದ ವ್ರತ. ಬಲಿಪೂಜೆಗೆ ಜನರೊಡನೆ ಧರ್ಮಕೇಂದ್ರದ ದೇವಾಲಯ. ಧ್ಯಾನದ ವೇಳೆ ಬಡರೋಗಿಯ ಕರೆ ಬಂದರೆ ಎದ್ದು ಹೋಗಿರಿ, ಅದು ದೇವರನ್ನು ತೊರೆದಂತಲ್ಲ ಎಂದು ಸಂತರು ಬೋಧಿಸಿದರು. ಆ ಪುತ್ರಿಯರು ಮುಂಜಾನೆ ನಾಲ್ಕಕ್ಕೇ ಎದ್ದು ಪ್ರಾರ್ಥಿಸುತ್ತಿದ್ದರೆಂಬುದನ್ನು ಮಾತ್ರ ನಾವು ಅನುಕೂಲಕ್ಕೆ ತಕ್ಕಂತೆ ಮರೆಯುತ್ತೇವೆ!

1833ರಲ್ಲಿ ಅದೇ ಪ್ಯಾರಿಸಿನಲ್ಲಿ 20 ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಓಜಾನಾಂ ಗೆಳೆಯರೊಡಗೂಡಿ, ಮುಂದೆ ವಿನ್ಸೆಂಟರ ಹೆಸರನ್ನೇ ಹೊತ್ತ ಸಂಘವನ್ನು ಆರಂಭಿಸಿದರು. ಪ್ರಾರ್ಥಿಸಿ ಹೊರಟ ಆ ತರುಣರಿಗೆ ಬಡವರ ಮನೆಗಳ ದಾರಿ ತೋರಿದವರು ಪ್ರೇಮಸೇವಾ ಪುತ್ರಿಯರಲ್ಲೊಬ್ಬರಾದ ಸಿಸ್ಟರ್ ರೊಸಾಲಿ ರಂದು.