ಆ ರಾತ್ರಿಯ ಸಿಸ್ಟರ್‌ಗೆ ಫೋನ್ ಮಾಡಿದ್ದು ಯಾರು?

1898ರಲ್ಲಿ ಪ್ಲೇಗ್ ಬಂದಾಗ ಬೆಂಗಳೂರಿನಲ್ಲಿ ಟೆಲಿಫೋನ್ ತಂತಿ ಎಳೆದರು. ಯಾಕೆ? ರೋಗ ತಡೆಯುವ ಕೆಲಸಕ್ಕೆ ಆದೇಶ ಬೇಗ ಮುಟ್ಟಲಿ ಅಂತ. ಕೊರೊನಾ ಬಂದಾಗಲೂ ಫೋನ್ ಅದೇ ಕೆಲಸ ಮಾಡಿತು. ಮೇಲಿಂದ ಆದೇಶ, ಕೆಳಗಿಂದ ಲೆಕ್ಕ.

ಚಾಮರಾಜನಗರವನ್ನೇ ನೋಡಿ. ಕೇರಳ, ತಮಿಳುನಾಡು ಎರಡೂ ಪಕ್ಕದಲ್ಲೇ. ಗುಂಡ್ಲುಪೇಟೆ ತಾಲ್ಲೂಕಿನ ಮೂಲೆಹೊಳೆ, ಕೆಕ್ಕನಹಳ್ಳದಲ್ಲಿ ಚೆಕ್‌ಪೋಸ್ಟ್. ಆದರೂ 2020ರ ಜೂನ್ ಬರುವವರೆಗೆ ಜಿಲ್ಲೆಯಲ್ಲಿ ಒಂದೇ ಒಂದು ಪ್ರಕರಣ ಇರಲಿಲ್ಲ. ಅದರ ಹಿಂದೆ ಮನೆಮನೆ ಸುತ್ತಿದ ಆಶಾ ಕಾರ್ಯಕರ್ತೆಯರ ಶ್ರಮವೂ ಇತ್ತು. ಅದೇ ಜುಲೈನಲ್ಲಿ ರಾಜ್ಯದ ಆಶಾಗಳು 12 ಸಾವಿರ ಗೌರವಧನಕ್ಕಾಗಿ ಮುಷ್ಕರ ಹೂಡಬೇಕಾಯ್ತು!

ಮರುವರ್ಷ ಮೇ 2ರ ರಾತ್ರಿ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕಕ್ಕೆ ಹಾಹಾಕಾರ. ಒಂದೇ ದಿನದಲ್ಲಿ 24 ಸಾವು. ಹೈಕೋರ್ಟ್ ಸಮಿತಿ ಬಂತು, ವಿಚಾರಣಾ ಆಯೋಗ ಬಂತು. ಬರಲೇಬೇಕಿತ್ತು. ಆದರೆ ಕಣ್ಣೆದುರೇ ಉಸಿರು ನಿಲ್ಲೋದನ್ನ ಕಂಡ ನರ್ಸ್‌ಗಳ ಗತಿ? ಬೆಳಗಾದ ಮೇಲೂ ಅದೇ ವಾರ್ಡ್, ಅದೇ ಡ್ಯೂಟಿ.

ಸಹಾಯವಾಣಿ ಇರಲಿಲ್ವಾ? ಇತ್ತು. 2020ರ ಮಾರ್ಚ್‌ನಲ್ಲೇ ನಿಮ್ಹಾನ್ಸ್ ಸಹಾಯವಾಣಿ ಶುರುವಾಗಿತ್ತು. 2022ರ ಅಕ್ಟೋಬರ್ 10ರಂದು ಟೆಲಿ ಮಾನಸ್ ಬಂತು. 14416 ಒತ್ತಿದರೆ ಕನ್ನಡದಲ್ಲೇ ಮಾತಾಡಬಹುದು. ಒಳ್ಳೆಯ ಕೆಲಸ. ಆದರೆ ಸಹಾಯವಾಣಿ ಕರೆಗಾಗಿ ಕಾಯುತ್ತೆ. ರಾತ್ರಿಯೆಲ್ಲ ಸಾವು ಕಂಡು ಬಂದವರು ತಾವಾಗಿಯೇ ಫೋನ್ ಎತ್ತುತ್ತಾರಾ?

ಫೋನ್ ಮಾಡಬೇಕಾದ್ದು ಇಲಾಖೆ. ಲೆಕ್ಕ ಕೇಳೋಕೆ ದಿನವಿಡೀ ಫೋನ್ ಮಾಡೋರು, 'ಊಟ ಆಯ್ತೇನಮ್ಮ, ನಿದ್ದೆ ಬಂತಾ' ಅಂತ ಒಂದ್ಸಲ ಕೇಳಲಿ.